ಮೂಳೆಯ ವಯಸ್ಸು

“ಇದು ನಿಮ್ಮ ಮಗಳಲ್ಲ ಅಜ್ಜಿ,” ಎನ್ನುತ್ತ ಹೆಡ್ ಕಾನ್‌ಸ್ಟೇಬಲ್ ಧರ್ಮೇಶ್ ರಟ್ಟಿನ ಪೆಟ್ಟಿಗೆಯನ್ನು ತನ್ನತ್ತ ಎಳೆದುಕೊಂಡ. “ಮೂಳೆ ಪರೀಕ್ಷೆಯ ವರದಿ ಬಂದಿದೆ. ಅರವತ್ತರ ಆಸುಪಾಸಿನ ಹೆಂಗಸಂತೆ. ನಿಮ್ಮ ಆಶಾರಾಣಿಗೆ ಮೂವತ್ತನಾಲ್ಕು ಅಂತ ಕಂಪ್ಲೇಂಟಲ್ಲಿ ನೀವೇ ಬರೆಸಿದ್ದೀರಿ.”

ಲಿಂಗಮ್ಮ ಪೆಟ್ಟಿಗೆಯ ಅಂಚು ಬಿಡಲಿಲ್ಲ. ಕಾಫಿ ಹಣ್ಣಿನ ಪಿಕಿಂಗಿಗೆ ಹೋದ ಮಗಳು ಕೂಲಿಗಳ ಲೈನ್‌ಮನೆಗೆ ಮರಳದೆ ಎರಡು ವರ್ಷ. ಎಸ್ಟೇಟಿನ ಆನೆ ಕಂದಕದಲ್ಲಿ ಈ ಮೂಳೆಗಳು ಸಿಕ್ಕಿ ಎರಡು ತಿಂಗಳು. ಅಜ್ಜಿ ಕತೆಗಳಲ್ಲಾದರೆ ಕಾಡಲ್ಲಿ ಬಿದ್ದ ಮೂಳೆಯೂ ಹಾಡು ಕಟ್ಟಿ, ತಾನು ಯಾರ ಮಗಳು, ತನ್ನನ್ನು ಕೊಂದವರು ಯಾರು ಎಂದು ಊರಿಗೆಲ್ಲ ಸಾರುತ್ತದೆ. ಇಲ್ಲಿ ಮೂಳೆಯ ಪರವಾಗಿ ಕಾಗದ ಮಾತಾಡುತ್ತಿತ್ತು.

“ಎಡಗೈ ನೋಡಿ ಸಾರ್, ಮಣಿಕಟ್ಟು ಸೊಟ್ಟಗೈತಲ್ಲ. ಮೆಣಸು ಕೊಯ್ಯೋವಾಗ ಏಣಿಯಿಂದ ಬಿದ್ದಿದ್ದು. ಬಿದಿರು ಸೀಳಿ ಕಟ್ಟಿದವಳು ನಾನೇ.”

“ಲೈನ್‌ಮನೇಲಿ ಕೈಕಾಲು ಮುರಿಯದೋರು ಯಾರಿದ್ದಾರೆ ಹೇಳಿ!” ಧರ್ಮೇಶ್ ವರದಿಯ ಮೇಲೆ ಬೆರಳಿಟ್ಟ. “ಬೆನ್ನುಮೂಳೆ ಪೂರ್ತಿ ಸವೆದಿದೆ.”

“ಹನ್ನೊಂದನೇ ವಯಸ್ಸಿಂದ ಕಾಫಿ ಮೂಟೆ ಹೊತ್ತವಳೆ.”

“ಹಲ್ಲು ಅರ್ಧಕ್ಕರ್ಧ ಇಲ್ಲ.”

“ಮೂರು ಬಸುರು. ಮೂರಕ್ಕೂ ಗಂಜಿನೀರೇ ಗತಿ.”

“ಡಾಕ್ಟ್ರು ಸುಮ್ನೆ ಬರೀತಾರಾ? ಪುಸ್ತಕದ ಅಳತೆ ಹಿಡಿದು ನೋಡಿರ್ತಾರೆ.”

“ಆ ಪುಸ್ತಕದೋರು ಮೂಟೆ ಹೊತ್ತಿದ್ರಾ ಸಾರ್?”

ಧರ್ಮೇಶ್ ವರದಿಯನ್ನು ಮಡಚಿಟ್ಟ. “ನಿಮಗೆಷ್ಟು ವಯಸ್ಸು?” ಎಂದ.

“ಐವತ್ತೆರಡು.”

ಐವತ್ತೈದರ ಧರ್ಮೇಶ್ ಆಮೇಲೆ ಅವಳನ್ನು ಅಜ್ಜಿ ಎನ್ನಲಿಲ್ಲ. “ವಯಸ್ಸೇ ಹೊಂದಲ್ಲ, ಡಿಎನ್‌ಎಗೆ ಯಾಕೆ ಕಳಿಸೋದು ಅಂದುಬಿಟ್ರು ಸಾಹೇಬ್ರು. ವಾರಸುದಾರರಿಲ್ಲ ಅಂತ ನಾಳೆ ಮೆಡಿಕಲ್ ಕಾಲೇಜಿಗೆ ಹೋಗುತ್ತಮ್ಮ. ಓದೋ ಹುಡುಗ್ರಿಗೆ.”

“ತಂತಿ ಪೋಣಿಸಿ ನೇತು ಹಾಕ್ತಾರಾ?”

ಅವನು ಕಿಟಕಿಯತ್ತ ನೋಡಿದ. ಲಿಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ಹಂಗಾದ್ರೆ ನಮ್ಮಕ್ಕ ಅಂತ ಬರ್ಕೊಳ್ಳಿ.”

“ಏನು?”

“ಅಕ್ಕ. ಅರವತ್ತು ವರ್ಷ. ತಲೆ ಸರಿ ಇರ್ಲಿಲ್ಲ, ಮನೆ ಬಿಟ್ಟೋದ್ಲು. ಕೈ ನೋಡಿ ಗುರುತು ಹಿಡಿದೆ ಅಂತ ಹೆಬ್ಬೆಟ್ಟು ಒತ್ತುತೀನಿ. ಅವಳಪ್ಪನ ಪಕ್ಕದಲ್ಲಿ ಮಣ್ಣು ಮಾಡ್ಬೇಕು ಸಾರ್.”

ಅವನು ಸಾಹೇಬರ ಕೋಣೆಯ ಮುಚ್ಚಿದ ಬಾಗಿಲು ನೋಡಿ ದನಿ ತಗ್ಗಿಸಿದ. “ಯೋಚ್ನೆ ಮಾಡಿ. ಅಕ್ಕ ಅಂತ ಬರೆದ್ರೆ ಆಶಾರಾಣಿ ಸತ್ತಿದ್ದೇ ಎಲ್ಲೂ ದಾಖಲಾಗಲ್ಲ. ಯಾರು ಏನು ಮಾಡಿದ್ರು ಅಂತ ಮುಂದೆ ಯಾರೂ ಕೇಳಲ್ಲ.”

“ಇಲ್ಲೀವರೆಗೆ ಯಾರು ಕೇಳಿದ್ರು?”

ಹೆಬ್ಬೆರಳ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು ಅವಳು ಪೆಟ್ಟಿಗೆಯನ್ನು ಸೊಂಟಕ್ಕೇರಿಸಿದಳು. ಧರ್ಮೇಶ್ ಹಳೆಯ ಕಡತವನ್ನು ಕೈಯಲ್ಲಿ ಹಿಡಿದು ಹಿಂದಿನಿಂದ ಕೂಗಿದ.

“ಮಗಳ ಕಂಪ್ಲೇಂಟ್ ಏನ್ಮಾಡ್ಲಿ?”

ಲಿಂಗಮ್ಮ ಹೊಸಿಲು ದಾಟುತ್ತ ತಿರುಗಿದಳು.

“ಇರ್ಲಿ ಬಿಡಿ. ಹುಡುಕ್ತಾ ಇರಿ.”