ಸವದತ್ತಿ ನಾಕಾ

“ಲಾಕ್‌ಡೌನ್ ಸುದ್ದಿ ಬಂದಾಗ ನೀ ಎಲ್ಲಿದ್ದಿ ಶಟ್ಟೆಪ್ಪಣ್ಣಾ?” ಯುಗಾದಿಯ ಬೇವು ಕುಡಿಯಲು ಬಂದಿದ್ದ ಪಕ್ಕದ ಮನೆಯ ಬಾಳು ಕೇಳಿದ.

“ಅದು ಮರೀತೈತೇನು? ಇದ ಹಬ್ಬದ ಹಿಂದಿನ ಸಂಜಿ. ಬೈಲಹೊಂಗಲದಾಗ ದೋಸ್ತನ ಮನ್ಯಾಗ ಚುರಮರಿ ತಿನ್ನಾಕ ಹತ್ತಿದ್ದೆ. ಟೀವಿ ನೋಡಿದ್ದ ತಡ, ತಾಟು ಅಲ್ಲೇ ಬಿಟ್ಟು ಗಾಡಿ ಹತ್ತಿದೆ.” ಶಟ್ಟೆಪ್ಪ ಜೋರಾಗಿ ನಕ್ಕ.

ತಂಬಿಗೆಯಿಂದ ಬೇವು ಬಗ್ಗಿಸುತ್ತಿದ್ದ ಅವನ ಹೆಂಡತಿ ಸತ್ಯವ್ವನ ಕೈ ಬಾಗಿದಂತೆಯೇ ನಿಂತಿತು. ಲೋಟ ತುಂಬಿ ಬೇವು ನೆಲಕ್ಕೆ ಹರಿಯಿತು.

ಆ ಸಂಜೆ ಅವನನ್ನು ಕಳಿಸಿದವಳು ಅವಳೇ. ಬೈಲಹೊಂಗಲದಲ್ಲಿ ಜ್ವರ ಬಂದು ಮಲಗಿದ್ದ ತನ್ನ ತಾಯಿಯನ್ನು ಕರೆತರಲು ಹೇಳಿದ್ದಳು. ಬೈಲಹೊಂಗಲ ಮುಟ್ಟುವ ಮೊದಲೇ, ದಾರಿಯ ಸವದತ್ತಿ ನಾಕಾದಲ್ಲಿ ಪೊಲೀಸನೊಬ್ಬ ತಡೆದು ವಾಪಸ್ ಕಳಿಸಿದನೆಂದು ಅವನು ಒಬ್ಬನೇ ಮರಳಿದ್ದ. ಎಂಟು ದಿನಕ್ಕೆ ತಾಯಿ, ಬಾಯಿಗೆ ನೀರು ಬಿಡುವವರಿಲ್ಲದೆ ತೀರಿಕೊಂಡಳು. ಅಂದಿನಿಂದ ಬಸ್ಸು ಆ ನಾಕಾ ದಾಟುವಾಗಲೆಲ್ಲ ಸತ್ಯವ್ವ, ತಾನೆಂದೂ ಕಾಣದ ಆ ಪೊಲೀಸನಿಗೆ ಹತ್ತೂ ಬೆರಳ ನೆಟಿಗೆ ಮುರಿದು ಶಾಪ ಹಾಕುತ್ತಿದ್ದಳು. ‘ನಿನ್ನ ಮನಿ ಹಾಳಾಗ್ಲಿ’ ಎನ್ನುತ್ತಿದ್ದಳು.

ಶಟ್ಟೆಪ್ಪನ ನಗು ಅರ್ಧಕ್ಕೇ ನಿಂತಿತ್ತು. ಸತ್ಯವ್ವ ತಂಬಿಗೆ ಕೆಳಗಿಟ್ಟು ತನ್ನ ಬೆರಳುಗಳನ್ನೇ ನೋಡಿಕೊಂಡಳು.

“ಹಂಗಾರ ಇಷ್ಟು ವರ್ಷ ನಾ ಯಾರ ಮನಿಗೆ ಶಾಪ ಹಾಕೇನ್ರಿ?”