ಇದ್ದ ಜಾಗಕ್ಕೆ

ಬೆಳಿಗ್ಗೆ ಐದೂಮುಕ್ಕಾಲಿಗೆ ಗಂಟೆಯಕ್ಕ ಮೀನು ಮಾರುಕಟ್ಟೆಯ ಹರಾಜು ಕಟ್ಟೆ ಹತ್ತಿದಳು. ಗಂಟೆಯಂತೆ ಮೊಳಗುತ್ತಿದ್ದ ಅವಳ ಕೂಗಿಗೆ ಮಾರುಕಟ್ಟೆಯೇ ಇಟ್ಟ ಹೆಸರದು. ಗಂಟಲಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಅವಳು ಅಲ್ಲಿಗೆ ಬಂದದ್ದು ಅದೇ ಮೊದಲು.

ಕಟ್ಟೆಯ ಮೇಲೆ ಮೈದುನ ಆಗಲೇ ನಿಂತಿದ್ದ. ಅವಳು ಆಸ್ಪತ್ರೆ ಸೇರಿದಂದಿನಿಂದ ಹರಾಜು ಕೂಗುತ್ತಿದ್ದವನು ಅವನೇ. ಮಾರಾಟ ಮುಗಿಯಿತೆಂದು ಹಲಗೆಗೆ ಬಡಿಯುವ ಅವಳ ಮರದ ಸುತ್ತಿಗೆಯೂ ಅವನ ಕೈಯಲ್ಲೇ ಇತ್ತು. "ಈ ಚಳೀಲಿ ಯಾಕೆ ಬಂದ್ರಿ ಅತ್ತಿಗೆ? ನಾನಿದ್ದೀನಲ್ಲ," ಎಂದ. ಸುತ್ತಿಗೆ ಕೊಡಲಿಲ್ಲ.

ಮಾರುಕಟ್ಟೆಯ ಕಾರ್ಯದರ್ಶಿ ಷರತ್ತನ್ನು ಹಿಂದಿನ ದಿನವೇ ಹೇಳಿ ಕಳಿಸಿದ್ದರು. ಒಂದೆರಡು ಬುಟ್ಟಿ ಅವಳು ಕೂಗಿ ತೋರಿಸಬೇಕು. ಸರಿ ಅನ್ನಿಸದಿದ್ದರೆ ಕಟ್ಟೆ ಕಾಯಂ ಆಗಿ ಮೈದುನನದು. ಈಗ ಅವರೂ ಬಂದು ಪಕ್ಕದಲ್ಲಿ ನಿಂತರು. ಗಂಟೆಯಕ್ಕ ಬಲಗೈ ಹೆಬ್ಬೆರಳಿನಿಂದ ಕತ್ತಿನ ಬುಡದಲ್ಲಿ ಡಾಕ್ಟರು ಉಸಿರಾಟಕ್ಕೆಂದು ಮಾಡಿದ್ದ ರಂಧ್ರವನ್ನು ಒತ್ತಿಕೊಂಡಳು. ಹಾಗೆ ಒತ್ತಿದರೆ ಮಾತ್ರ ಅವಳಿಗೆ ಮಾತು ಬರುತ್ತಿತ್ತು. ಡಾಕ್ಟರು ಇದನ್ನು ಧ್ವನಿಯ ಪುನಃಸ್ಥಾಪನೆ ಅನ್ನುತ್ತಾರೆ ಎಂದಳು. ಖಾಲಿ ಪೆಟ್ಟಿಗೆಯನ್ನು ಸಿಮೆಂಟು ನೆಲದ ಮೇಲೆ ಎಳೆದಂಥ ದನಿ.

ಕಾರ್ಯದರ್ಶಿ ತಲೆ ಕೆರೆದುಕೊಂಡರು. "ಪುನಃಸ್ಥಾಪನೆ ಅಂದ್ರೆ ಇದ್ದದ್ದು ಇದ್ದ ಹಾಗೇ ಬರಬೇಕಲ್ಲಮ್ಮ. ಇದು ನಿಮ್ಮ ದನಿ ಅಲ್ಲವೇ ಅಲ್ಲ."

"ದನಿ ಇದ್ದ ಹಾಗೆ ಬರಲ್ಲ, ಸಾರ್. ನಾನು ಇದ್ದ ಜಾಗಕ್ಕೆ ಬರ್ತೀನಿ."

ಮೊದಲ ಬುಟ್ಟಿ ಬಂತು. ಆ ದಿನದ ಅತಿ ದೊಡ್ಡ ಮೀನುಗಳೆಲ್ಲ ಅದರಲ್ಲೇ ಇದ್ದವು. ಗಂಟೆಯಕ್ಕ ಎಂಟುನೂರು ಎಂದಳು. ಎಂದಿನ ಗದ್ದಲದಲ್ಲಿ ಅದು ಎರಡನೇ ಸಾಲನ್ನೂ ಮುಟ್ಟಲಿಲ್ಲ. ಗಂಟೆಗೆ ತುಕ್ಕು ಹಿಡಿದಿದೆ ಎಂದು ಹಿಂದಿನಿಂದ ಯಾರೋ ಅಂದರು. ನಕ್ಕರು, ಮತ್ತೆ ತಮ್ಮ ತಮ್ಮ ಮಾತಿಗೆ ತೊಡಗಿದರು. ಅವಳು ದನಿ ಏರಿಸಲಿಲ್ಲ. ಏರಿಸಲು ಬರುತ್ತಲೂ ಇರಲಿಲ್ಲ. ಮುಂದಿದ್ದ ಇಬ್ಬರು ಹೋಟೆಲಿನವರನ್ನು ನೋಡುತ್ತಾ ಒಂಬೈನೂರು, ಸಾವಿರ ಎಂದು ಮೆಲ್ಲಗೆ ಏರಿಸುತ್ತಾ ಹೋದಳು. ಅವರು ಸರದಿಯಂತೆ ಬೆರಳೆತ್ತಿದರು. ಸಾವಿರದ ಇನ್ನೂರಕ್ಕೆ ಒಬ್ಬ ಹಿಂದೆ ಸರಿದ. ಗೆದ್ದವನ ಕಡೆ ಅವಳು ಎಡಗೈ ತೋರಿಸಿದಳು. ನಿನ್ನೆಯ ಇಂಥದೇ ಬುಟ್ಟಿಗೂ ಅಷ್ಟೇ ಬೆಲೆ ಬಂದಿತ್ತು.

ಒಂದು ಕೈ ಕತ್ತಿನ ಮೇಲೆ, ಇನ್ನೊಂದು ಗಿರಾಕಿಯ ಕಡೆ. ಬಡಿಯಲು ಅವಳಿಗೆ ಮೂರನೇ ಕೈ ಇರಲಿಲ್ಲ. ಬಡಿಯದ ಹೊರತು ಮಾರಾಟ ಮಾರಾಟವೇ ಅಲ್ಲ. ಮೈದುನ ಸುತ್ತಿಗೆಯನ್ನು ಎದೆಗವಚಿಕೊಂಡು ಬೇರೆಲ್ಲೋ ನೋಡುತ್ತಿದ್ದ.

"ಬಡಿಯೋ," ಎಂದಳು. ಅವನು ಅಲ್ಲಾಡಲಿಲ್ಲ.

"ಯಾಕೆ, ನಿನ್ನ ಕೈಗೂ ಆಪರೇಷನ್ ಆಗಿದೆಯಾ?"

ಹೋಟೆಲಿನವರು ಗೊಳ್ಳೆಂದು ನಕ್ಕರು. ಮೈದುನ ಬಡಿದ.

ಆ ಸದ್ದಿಗೆ ಹಿಂದಿನ ಸಾಲಿನವರು ತಿರುಗಿ ನೋಡುವಷ್ಟರಲ್ಲಿ ಬುಟ್ಟಿ ಗಾಡಿ ಏರಿತ್ತು. ನಮಗೆ ಬೆಲೆ ಕೇಳಿಸಲೇ ಇಲ್ಲ, ಮತ್ತೆ ಕೂಗಿಸಿ ಎಂದು ಅವರು ಕಾರ್ಯದರ್ಶಿಯ ಮೇಲೆ ಬಿದ್ದರು. ಕಾರ್ಯದರ್ಶಿ ಗಂಟೆಯಕ್ಕನ ಮುಖ ನೋಡಿದರು.

"ಕೇಳಿಸಿಕೊಂಡೋರಿಗೆ ಕೇಳಿಸ್ತು," ಎಂದಳು ಅವಳು. "ಎರಡನೇ ಬುಟ್ಟಿ ತನ್ನಿ."

ಎರಡನೇ ಬುಟ್ಟಿ ಬಂದಾಗ ಯಾರೂ ಮಾತಾಡಲಿಲ್ಲ. ತುಕ್ಕಿನ ಮಾತಾಡಿದವನು ಮುಂದಕ್ಕೆ ಬಂದು ಕಿವಿಗೆ ಕೈ ಅಡ್ಡ ಹಿಡಿದು ನಿಂತಿದ್ದ. ಮಂಜುಗಡ್ಡೆ ಕರಗಿ ನೆಲಕ್ಕೆ ತೊಟ್ಟಿಕ್ಕುವುದು ಕೊನೆಯ ಸಾಲಿಗೂ ಕೇಳುತ್ತಿತ್ತು. ಗಂಟೆಯಕ್ಕ ಹೆಬ್ಬೆರಳು ಒತ್ತಿ, ಮೊದಲಿನಷ್ಟೇ ಮೆಲ್ಲಗೆ ಬೆಲೆ ಹೇಳಿದಳು. ಹಿಂದಿನಿಂದ ನಾಲ್ಕು ಕೈ ಮೇಲೆದ್ದವು. ಕಾರ್ಯದರ್ಶಿ ಇನ್ನು ನಿಲ್ಲದೆ ಕಚೇರಿಯತ್ತ ಹೊರಟುಹೋದರು.

ಮರುದಿನ ಮೈದುನ ಅತ್ತಿಗೆಗಿಂತ ಮೊದಲೇ ಬಂದು, ಕಟ್ಟೆಗೆ ನೀರು ಹಾಕಿ ತೊಳೆದ. ಅವಳು ಹತ್ತಿದ ಮೇಲೆ, ಸುತ್ತಿಗೆ ಹಿಡಿದು ಒಂದು ಮೆಟ್ಟಿಲು ಕೆಳಗೆ ನಿಂತ.