ಹಾರ್ಲೆಮ್ಮಿನ ಕೂಗು

ಕ್ಲಾರಿಯೊನೆಟ್ ಊದಿದವನು ಫಿಲೆಮೊನ್. ರೆಕಾರ್ಡಿನ ಮೇಲೆ ಅಚ್ಚಾದ ಹೆಸರು ಆರ್ವಿಲ್ ಪೆಟ್ವೇ.

ಧ್ವನಿಮುದ್ರಣದ ದಿನ ಅಮೆರಿಕದ ಆರ್ವಿಲ್‌ಗೆ ಹಲ್ಲುನೋವು, ದವಡೆ ಬನ್ನಿನಂತೆ ಊದಿಕೊಂಡಿತ್ತು. ರೆಕಾರ್ಡು ಕಂಪನಿಯ ಯಜಮಾನ ದ್ಯುರಿವೊ, ಪ್ಯಾರಿಸ್‌ನ ಪಿಗಾಲ್ ಚೌಕಕ್ಕೆ ಓಡಿದ. ಅಲ್ಲಿ ಸಂಜೆಯ ಕೂಲಿಗಾಗಿ ವಾದ್ಯದ ಪೆಟ್ಟಿಗೆ ಹಿಡಿದು ನಿಂತವರ ನಡುವಿನಿಂದ, ಫ್ರೆಂಚರ ಆಳ್ವಿಕೆಯ ಮಾರ್ಟಿನಿಕ್ ದ್ವೀಪದ ಫಿಲೆಮೊನ್‌ನನ್ನು ಎಳೆದು ತಂದ. ಹೆಸರಿನ ಮಾತು ಬಂದಾಗ, ನಮ್ಮದೇ ವಸಾಹತಿನವನ ಜಾಝ್ ಅಂದರೆ ಪ್ಯಾರಿಸ್‌ನಲ್ಲಿ ಯಾರಪ್ಪ ಕೊಳ್ತಾರೆ ಅಂತ ನಕ್ಕುಬಿಟ್ಟ.

ದ್ಯುರಿವೊ ವಿಮರ್ಶಕನೂ ಹೌದು. ತನ್ನ ಕಂಪನಿಯ ರೆಕಾರ್ಡನ್ನು ತನ್ನದೇ ಪತ್ರಿಕೆಯಲ್ಲಿ ತಾನೇ ಹೊಗಳಿ ಬರೆಯುವುದು ಅವನ ರೂಢಿ. ಈ ಸಲ ಕೊನೆಯ ಸುತ್ತಿನ ಒಂದು ಕೀರಲು ದನಿಯ ಮೇಲೆ ಪುಟಗಟ್ಟಲೆ ಬರೆದ. ಅದು ಹತ್ತಿ ಹೊಲದಲ್ಲಿ ಬೆನ್ನು ಮುರಿದವರ ಕೂಗಂತೆ, ನ್ಯೂಯಾರ್ಕಿನ ಕರಿಯರ ಕೇರಿ ಹಾರ್ಲೆಮ್‌ನಲ್ಲಿ ಹುಟ್ಟದವನಿಗೆ ದಕ್ಕುವುದಲ್ಲವಂತೆ. ಫಿಲೆಮೊನ್ ಕಾಫಿ ಅಂಗಡಿಯಲ್ಲಿ ನಿಂತುಕೊಂಡೇ ಓದಿದ. ಕೂಗೂ ಇಲ್ಲ, ಮಣ್ಣೂ ಇಲ್ಲ. ವಾದ್ಯದ ತುದಿಗೆ ಕಟ್ಟುವ ಜೊಂಡಿನ ಪಟ್ಟಿ, ಆ ರೀಡು, ಅವತ್ತು ಸೀಳಿತ್ತು. ಹೊಸದು ಕೊಳ್ಳುವ ಗತಿಯಿರಲಿಲ್ಲ. ಬೆನ್ನು ಮುರಿದವರ ಮಾತಿಗೆ ಬಂದರೆ, ಕಬ್ಬಿನ ಗದ್ದೆಯಲ್ಲಿ ಅವನ ಅಜ್ಜಿಯ ಬೆನ್ನೂ ಮುರಿದಿತ್ತು. ಅದರ ಮೇಲೆ ಯಾರೂ ಒಂದು ಸಾಲು ಬರೆದಿರಲಿಲ್ಲ.

ಅಂದಿನಿಂದ ಅವನಿಗೆ ತಿಂದದ್ದು ಮೈಗೆ ಹತ್ತಲಿಲ್ಲ. ಇಬ್ಬರ ಚರ್ಮವೂ ಒಂದೇ ಕಪ್ಪು. ಆದರೂ ಹುಡುಗಿಯರು ರೆಕಾರ್ಡು ಹಿಡಿದು ಸಹಿಗೆ ಮುತ್ತುವುದು ಆರ್ವಿಲ್‌ನನ್ನು. ದ್ಯುರಿವೊ 'ನೀವು' ಅನ್ನುವುದು ಆರ್ವಿಲ್‌ಗೆ, 'ನೀನು' ಅನ್ನುವುದು ತನಗೆ. ಆರ್ವಿಲ್‌ನ ಹೊಸ ಕೋಟು ಕಂಡರೆ ಅದರ ಮೇಲೆ ಕಾಫಿ ಚೆಲ್ಲಬೇಕು ಅನ್ನಿಸುತ್ತಿತ್ತು. ಮತ್ತೆ ಅವನ ಹಲ್ಲು ನೋಯಲಿ ಅಂತ ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚಿ ಬಂದದ್ದೂ ಉಂಟು.

ಆರ್ವಿಲ್‌ನ ದೊಡ್ಡ ಸಂಗೀತ ಕಛೇರಿಯ ತಾಲೀಮು ನಡೆದಿತ್ತು. ಫಿಲೆಮೊನ್‌ಗೆ ಸಿಕ್ಕಿದ್ದು ವಿರಾಮದ ಹೊತ್ತಿನಲ್ಲಿ ಹುಲ್ಲಿನ ಟೋಪಿ ಹಾಕಿಕೊಂಡು ತನ್ನ ದ್ವೀಪದ ಕುಣಿತದ ಹಾಡು ಊದುವ ಕೆಲಸ. ಪಕ್ಕದಲ್ಲಿ ನಿಂತು ಕೇಳುತ್ತಿದ್ದ. ಹಾಳಾದವನು ಆರ್ವಿಲ್, ನಿಜಕ್ಕೂ ಸೊಗಸಾಗಿ ಊದುತ್ತಿದ್ದ. ಅದೂ ಒಂದು ಉರಿ. ಕೊನೆಯ ಸುತ್ತಿನಲ್ಲಿ ದನಿ ಬೆಣ್ಣೆಯಷ್ಟು ನುಣ್ಣಗೆ ಹೊರಟಿತು. ದ್ಯುರಿವೊ ಕೈಯೆತ್ತಿ ನಿಲ್ಲಿಸಿದ.

"ಕೂಗೆಲ್ಲಿ? ಜನ ಟಿಕೆಟ್ ತಗೊಂಡಿರೋದೇ ಅದಕ್ಕೆ. ನಿಮ್ಮ ರಕ್ತದಲ್ಲೇ ಇದೆ, ಸ್ವಲ್ಪ ನೆನಪು ಮಾಡ್ಕೊಳ್ಳಿ."

ಬರೆದೂ ಬರೆದೂ ಮನುಷ್ಯ ತಾನೇ ನಂಬಿಬಿಟ್ಟಿದ್ದ. ಆರ್ವಿಲ್ ವಾದ್ಯ ಕೆಳಗಿಟ್ಟ.

"ಯಾವ ರಕ್ತ ಸ್ವಾಮಿ? ನಮ್ಮಪ್ಪ ಓಹಾಯೊದಲ್ಲಿ ಔಷಧಿ ಅಂಗಡಿ ಇಟ್ಟೋನು. ಹಾರ್ಲೆಮ್ಮನ್ನ ನಾನು ರೈಲಿಂದ ನೋಡಿದ್ದಷ್ಟೇ. ಎಲ್ಲಿ ಹೋದ್ರೂ ಆ ಒಂದು ಕೀರಲು ಬೇಕು ಅಂತಾರೆ, ನಾನು ಊದಿದ್ದು ಯಾವನಿಗೂ ಬೇಡ." ಫಿಲೆಮೊನ್ ಕಡೆ ತಿರುಗಿದ. ಆ ಕಣ್ಣಲ್ಲಿ ಉರಿಯುತ್ತಿದ್ದದ್ದು ಏನೆಂದು ಫಿಲೆಮೊನ್‌ಗೆ ಯಾರೂ ಹೇಳಬೇಕಿರಲಿಲ್ಲ, ದಿನಾ ಕನ್ನಡಿಯಲ್ಲಿ ಕಾಣುತ್ತಿದ್ದದ್ದೇ. "ಅದು ಸೀಳಿದ ರೀಡು, ಊದೋನ ಕಿವಿಗೆ ತಿಳಿಯತ್ತೆ. ಇವನ ಹತ್ರಾನೇ ಇರತ್ತೆ, ಕೇಳಿ."

ದ್ಯುರಿವೊ ಕೈ ಚಾಚಿದ.

"ಕೊಡೋ ಫಿಲೆಮೊನ್. ನಿನ್ನ ಕುಣಿತದ ಹಾಡಿಗೆ ಹೊಸ ರೀಡು ಒಂದು ಡಬ್ಬಿ ಕೊಡಿಸ್ತೀನಿ."

ಫಿಲೆಮೊನ್ ಎದೆಯ ಜೇಬಿನಿಂದ ಪಟ್ಟಿಯನ್ನು ತೆಗೆದ. ಬೆಳಕಿಗೆ ಹಿಡಿದು ಸೀಳನ್ನು ನೋಡಿದ. ಆರ್ವಿಲ್ ಒಂದು ಹೆಜ್ಜೆ ಮುಂದೆ ಬಂದ.

"ಊದಿದ್ದು ತಗೊಂಡ್ರಿ, ಹೆಸರು ತಗೊಂಡ್ರಿ. ಈ ತಪ್ಪು ನಂದು. ಇದನ್ನ ಕೊಡಲ್ಲ," ಅಂದ ಫಿಲೆಮೊನ್.

ರೀಡನ್ನು ಬಾಯಿಗೆ ಹಾಕಿಕೊಂಡು, ಹುಡುಗನಾಗಿದ್ದಾಗ ಕಬ್ಬು ಅಗಿಯುತ್ತಿದ್ದಂತೆ, ಯಜಮಾನನ ಮುಖವನ್ನೇ ನೋಡುತ್ತ ನಿಧಾನವಾಗಿ ಅಗಿಯತೊಡಗಿದ.